ಅಡುಗೆಮನೆಗೊಂದು ಮೂಗು

(ಬಾನುಲಿ ಭಾಷಣ)

ಅಡುಗೆಯ ಅನಿಲಕ್ಕೆ ಸ್ವಂತದ ವಾಸನೆಯಿಲ್ಲ. ಹೀಗೆಂದರೆ ಅನೇಕರು ನಂಬಲಾರರು. ರೆಗ್ಯುಲೇಟರು ಸರಿಯಾಗಿ ಕೂರದಿದ್ದಾಗ ಸಿಲಿಂಡರಿನ ಬಾಯಿಯಿಂದ ಹೊಮ್ಮುವ, ಕೊಳೆತ ಕೋಸನ್ನೋ ಕೆಟ್ಟ ಈರುಳ್ಳಿಯನ್ನೋ ನೆನಪಿಗೆ ತರುವ ಆ ದುರ್ಗಂಧವನ್ನು ಅರಿಯದ ಮನೆ ಇಂದು ನಮ್ಮ ಪಟ್ಟಣಗಳಲ್ಲಿ ಇರಲಿಕ್ಕಿಲ್ಲ. ಆದರೆ ಆ ವಾಸನೆ ಅನಿಲದ್ದಲ್ಲ. ಅದನ್ನು ಬೇಕೆಂದೇ ಬೆರೆಸಿರುತ್ತಾರೆ. ಸಿಲಿಂಡರಿನೊಳಗೆ ಒತ್ತಡದಲ್ಲಿ ದ್ರವವಾಗಿ ಕುಳಿತಿರುವುದು ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಹೈಡ್ರೋಕಾರ್ಬನ್‌ಗಳ ಮಿಶ್ರಣ. ಎರಡಕ್ಕೂ ಬಣ್ಣವಿಲ್ಲ, ಹೆಸರಿಸಬಹುದಾದ ವಾಸನೆಯೂ ಇಲ್ಲ. ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವೊಂದನ್ನು ಅತ್ಯಲ್ಪ ಪ್ರಮಾಣದಲ್ಲಿ ಸೇರಿಸುತ್ತಾರೆ. ನೂರು ಕೋಟಿ ಭಾಗ ಗಾಳಿಯಲ್ಲಿ ಅದು ಒಂದು ಭಾಗದಷ್ಟಿದ್ದರೂ ಮನುಷ್ಯನ ಮೂಗು ಹಿಡಿದುಬಿಡಬಲ್ಲದು. ಗಾಳಿಯಲ್ಲಿ ಅನಿಲದ ಪ್ರಮಾಣ ಹೊತ್ತಿಕೊಳ್ಳುವ ಮಟ್ಟದ ಐದನೆಯ ಒಂದು ಪಾಲಿಗೆ ಬರುವಷ್ಟರಲ್ಲಿಯೇ ವಾಸನೆ ತಿಳಿಯಬೇಕು ಎಂಬುದು ನಿಯಮ.

ಈ ನಿಯಮದ ಹಿಂದೆ ಒಂದು ದಾರುಣವಾದ ಕಥೆಯಿದೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ನ್ಯೂ ಲಂಡನ್ ಎಂಬ ಊರು. 1937ರ ಮಾರ್ಚ್ 18ರಂದು, ಶಾಲೆ ಬಿಡುವ ಹೊತ್ತು. ಕಟ್ಟಡದ ನೆಲದಡಿಯ ಟೊಳ್ಳಿನಲ್ಲಿ ಸೋರಿದ ನೈಸರ್ಗಿಕ ಅನಿಲ ಯಾರಿಗೂ ತಿಳಿಯದಂತೆ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯಿರಲಿಲ್ಲ. ಯಂತ್ರವೊಂದರ ಕಿಡಿ ತಾಗಿತೋ ಇಲ್ಲವೋ, ಇಡೀ ಶಾಲೆ ಮೇಲೆದ್ದು ಕುಸಿಯಿತು. ಸತ್ತ ಮಕ್ಕಳು ಮತ್ತು ಉಪಾಧ್ಯಾಯರ ಸಂಖ್ಯೆ ಸುಮಾರು ಮುನ್ನೂರು. ಅದೇ ವರ್ಷ ಟೆಕ್ಸಾಸಿನಲ್ಲಿ ಅನಿಲಕ್ಕೆ ದುರ್ವಾಸನೆಯನ್ನು ಬೆರೆಸಲೇಬೇಕೆಂಬ ಶಾಸನವಾಯಿತು. ಬೇರೆ ಕಡೆಗಳಲ್ಲಿಯೂ ಅದೇ ಪದ್ಧತಿ ಹಬ್ಬಿತು. ನಮ್ಮ ಅಡುಗೆಮನೆಯಲ್ಲಿ ಮೂಗು ಮುಚ್ಚಿಕೊಳ್ಳುವಂತೆ ಮಾಡುವ ಆ ನಾತಕ್ಕೆ ಇಷ್ಟು ದೊಡ್ಡ ಬೆಲೆ ತೆತ್ತಿದ್ದಾರೆ.

ಹಾಗಾದರೆ ಮೂಗಿದ್ದ ಮೇಲೆ ಇನ್ನೇನು ಬೇಕು ಎಂದು ಕೇಳಬಹುದು. ಮೂಗು ಸಾಲದು ಎಂಬುದೇ ಇಂದಿನ ಮಾತಿನ ಮೊದಲ ಭಾಗ. ವಾಸನೆಯ ನಡುವೆ ಸ್ವಲ್ಪ ಹೊತ್ತು ಇದ್ದರೆ ಮೂಗಿಗೆ ಅದು ಅಭ್ಯಾಸವಾಗಿಬಿಡುತ್ತದೆ. ಅಗರಬತ್ತಿಯ ಅಂಗಡಿಯವನಿಗೆ ಅಗರಬತ್ತಿಯ ಪರಿಮಳ ತಿಳಿಯುವುದಿಲ್ಲ. ನಿಧಾನವಾಗಿ, ಗಂಟೆಗಟ್ಟಲೆ ಸೋರುವ ಅನಿಲದ ಜೊತೆಯಲ್ಲಿಯೇ ಕೆಲಸ ಮಾಡುತ್ತಿರುವವರಿಗೆ ಅದು ತಿಳಿಯದೆ ಹೋಗುವುದು, ಹೊರಗಿನಿಂದ ಬಂದವರು ಬಾಗಿಲಲ್ಲೇ ನಿಂತು 'ಏನಿದು, ಗ್ಯಾಸಿನ ವಾಸನೆ!' ಎನ್ನುವುದು ಎಷ್ಟು ಮನೆಗಳಲ್ಲಿ ನಡೆದಿಲ್ಲ? ವಯಸ್ಸಾದಂತೆ ಘ್ರಾಣಶಕ್ತಿ ಕುಂದುತ್ತದೆ. 2020 ಮತ್ತು 2021ರಲ್ಲಿ ಕೋವಿಡ್ ಸೋಂಕಿಗೆ ಒಳಗಾದ ಎಷ್ಟೋ ಜನ ಕಾಫಿಯ ಘಮವನ್ನೂ ಗುರುತಿಸಲಾರದೆ ವಾರಗಟ್ಟಲೆ ಕಳೆದರು. ಕೆಲವರಿಗೆ ಅದು ತಿಂಗಳುಗಳಾದರೂ ಮರಳಲಿಲ್ಲ. ಇನ್ನು ಮಲಗಿದ ಮನುಷ್ಯನ ಮೂಗೂ ಮಲಗಿರುತ್ತದೆ. ಸದ್ದು ನಮ್ಮನ್ನು ಎಬ್ಬಿಸುವಂತೆ ವಾಸನೆ ಎಬ್ಬಿಸುವುದಿಲ್ಲ. ರಾತ್ರಿ ಹತ್ತಕ್ಕೆ ಸೋರತೊಡಗಿದ ಅನಿಲ ಬೆಳಗಿನ ಜಾವ ಐದಕ್ಕೆ ದೀಪದ ಗುಂಡಿಯನ್ನು ಒತ್ತುವ ಕೈಗಾಗಿ ಕಾದಿರುತ್ತದೆ.

ಲೆಕ್ಕವನ್ನು ಒಮ್ಮೆ ನೋಡೋಣ. ಹತ್ತಡಿ ಉದ್ದ, ಎಂಟಡಿ ಅಗಲ, ಹತ್ತಡಿ ಎತ್ತರದ ಅಡುಗೆಮನೆ ಎಂದಿಟ್ಟುಕೊಳ್ಳಿ. ಗಾಳಿಯಲ್ಲಿ ಈ ಅನಿಲ ನೂರಕ್ಕೆ ಸುಮಾರು 1.8ರಷ್ಟಾದಾಗ ಹೊತ್ತಿಕೊಳ್ಳುವ ಮಟ್ಟಕ್ಕೆ ಬರುತ್ತದೆ, 9.5ನ್ನು ಮೀರಿದರೆ ಆಮ್ಲಜನಕ ಸಾಲದೆ ಹೊತ್ತದು. ಆ ಕೆಳಮಟ್ಟವನ್ನು ಮುಟ್ಟಲು, ಅನಿಲ ಕೋಣೆಯ ತುಂಬ ಸಮನಾಗಿ ಹರಡಿತೆಂದು ಭಾವಿಸಿದರೂ, ಒಂದು ಕಿಲೋಗ್ರಾಮಿಗಿಂತ ಕಡಿಮೆ ಸಾಕು. ಮನೆಯ ಸಿಲಿಂಡರಿನಲ್ಲಿರುವುದು 14.2 ಕಿಲೋಗ್ರಾಂ. ನಿಜದಲ್ಲಿ ಅದು ಸಮನಾಗಿ ಹರಡುವುದೂ ಇಲ್ಲ. ಈ ಅನಿಲ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಚೆಲ್ಲಿದ ನೀರಿನಂತೆ ಅದು ನೆಲವನ್ನು ಹಿಡಿದು ಹರಿಯುತ್ತದೆ, ಮೂಲೆಯಲ್ಲಿ ನಿಲ್ಲುತ್ತದೆ, ಬಚ್ಚಲ ಮೋರಿಗೆ ಇಳಿಯುತ್ತದೆ, ಹೊಸ್ತಿಲು ದಾಟಿ ದೇವರ ಮನೆಯ ನಂದಾದೀಪದ ಬಳಿಗೂ ಹೋಗುತ್ತದೆ. ಆದ್ದರಿಂದ ನೆಲಮಟ್ಟದಲ್ಲಿ ಅಪಾಯದ ಪ್ರಮಾಣ ಉಂಟಾಗಲು ಒಂದು ಕಿಲೋಗ್ರಾಂ ಕೂಡ ಬೇಡ. ನಿಂತಿರುವವರ ಮೂಗು ಐದಡಿ ಎತ್ತರದಲ್ಲಿರುತ್ತದೆ. ಅಪಾಯ ಪಾದದ ಬಳಿ.

ಅಪಾಯವನ್ನು ತನ್ನ ಇಂದ್ರಿಯಕ್ಕಿಂತ ಮೊದಲು ಅರಿಯುವ ಸಾಧನವೊಂದನ್ನು ಮನುಷ್ಯ ಹುಡುಕುತ್ತ ಬಂದದ್ದು ಗಣಿಗಳಲ್ಲಿ. 1815ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ದೀಪದ ಸುತ್ತ ಸಣ್ಣ ಕಣ್ಣಿನ ತಂತಿಯ ಬಲೆಯನ್ನು ಹೊದಿಸಿದ. ಗಣಿಯ ಅನಿಲ ಒಳಗೆ ಬಂದು ಉರಿದರೂ ಉರಿ ಬಲೆಯನ್ನು ದಾಟಿ ಹೊರಗೆ ಹೋಗದು, ತಂತಿ ಅದರ ಶಾಖವನ್ನು ಹೀರಿಕೊಂಡುಬಿಡುತ್ತದೆ. ಜ್ವಾಲೆಯ ತುದಿಯಲ್ಲಿ ನೀಲಿಯ ಟೊಪ್ಪಿಗೆ ಕಾಣಿಸಿಕೊಂಡರೆ ಅನಿಲವಿದೆ ಎಂದು ಅರ್ಥ. ಮುಂದೆ ಕಳೆದ ಶತಮಾನದ ಬಹುಪಾಲು ಬ್ರಿಟನ್ನಿನ ಗಣಿಗಳಿಗೆ ಕೆನೇರಿ ಹಕ್ಕಿಗಳನ್ನು ಒಯ್ಯುತ್ತಿದ್ದರು. ವಿಷಾನಿಲಕ್ಕೆ ಹಕ್ಕಿ ಮೊದಲು ತಲೆತಿರುಗಿ ಬೀಳುತ್ತಿತ್ತು, ಮನುಷ್ಯ ಓಡುತ್ತಿದ್ದ. ಈ ಪದ್ಧತಿ ಕೊನೆಗೊಂಡದ್ದು 1986ರಲ್ಲಿ ಎಂದರೆ ಆಶ್ಚರ್ಯವಾಗುತ್ತದೆ. ಡೇವಿಯ ಬಲೆಯನ್ನು ತಾವು ನೆನಪಿನಲ್ಲಿಟ್ಟುಕೊಂಡಿರಬೇಕು. ಅದು ಮತ್ತೆ ಬರಲಿದೆ.

ಹಕ್ಕಿಯ ಸ್ಥಾನಕ್ಕೆ ಬಂದದ್ದು ಒಂದು ಚಿಟಿಕೆ ಲೋಹದ ಆಕ್ಸೈಡು. ತವರವನ್ನು ನಾವೆಲ್ಲ ಬಲ್ಲೆವು: ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಲೋಹ. ಕಲಾಯಿಯವನು ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ, ತವರದ ಕಡ್ಡಿಯನ್ನು ತಾಕಿಸಿ, ಅರಳೆಯಿಂದ ಒಮ್ಮೆ ಉಜ್ಜಿದರೆ ಒಳಮೈಯೆಲ್ಲ ಬೆಳ್ಳಿಯಾಗುತ್ತಿತ್ತು. ಆ ತವರ ಆಮ್ಲಜನಕದೊಡನೆ ಕೂಡಿದರೆ ಆಗುವುದು ತವರದ ಆಕ್ಸೈಡು. ಗಣಿಯಲ್ಲಿ ಸಿಗುವ ಅದಿರೂ ಅದೇ. ಸತುವಿನ ಆಕ್ಸೈಡು ಇನ್ನೂ ಪರಿಚಿತ. ಚರ್ಮಕ್ಕೆ ಹಚ್ಚುವ ಬಿಳಿಯ ಮುಲಾಮುಗಳಲ್ಲಿ ಇರುವ ಪುಡಿ. ಇವೆರಡೂ ಅರೆವಾಹಕಗಳು. ಎಂದರೆ, ತಾಮ್ರದಂತೆ ವಿದ್ಯುತ್ತನ್ನು ಸಲೀಸಾಗಿ ಬಿಡುವವೂ ಅಲ್ಲ, ಗಾಜಿನಂತೆ ತಡೆದು ನಿಲ್ಲಿಸುವವೂ ಅಲ್ಲ.

ಅರೆವಾಹಕದ ಈ ಗುಣ ಮೊದಲು ಕಾಣಿಸಿಕೊಂಡದ್ದು ತೊಂದರೆಯಾಗಿ. ಟ್ರಾನ್ಸಿಸ್ಟರನ್ನು ಕಂಡುಹಿಡಿದವರಲ್ಲಿ ಇಬ್ಬರಾದ ವಾಲ್ಟರ್ ಬ್ರಾಟೈನ್ ಮತ್ತು ಜಾನ್ ಬಾರ್ಡೀನ್, ಸುತ್ತಲಿನ ಅನಿಲ ಬದಲಾದರೆ ಜರ್ಮೇನಿಯಮ್ಮಿನ ಮೇಲ್ಮೈಯ ವಿದ್ಯುತ್ ಗುಣಗಳೂ ಬದಲಾಗುತ್ತವೆ ಎಂದು 1953ರಲ್ಲಿ ಪ್ರಕಟಿಸಿದರು. ಉಪಕರಣಗಳನ್ನು ತಯಾರಿಸುವವರಿಗೆ ಇದೊಂದು ಪೀಡೆ. ಗಾಳಿ ಸೋಕದಂತೆ ಅವನ್ನು ಡಬ್ಬಿಯಲ್ಲಿ ಮುಚ್ಚಬೇಕಾಯಿತು. ಇದೇ ಪೀಡೆಯನ್ನು ತಿರುಗಿಸಿ ಉಪಯೋಗಕ್ಕೆ ತರಬಹುದೆಂದು ತೋರಿಸಿದವರು ಜಪಾನಿನವರು. ಕ್ಯೂಶೂ ವಿಶ್ವವಿದ್ಯಾನಿಲಯದ ತೆತ್ಸುರೊ ಸೆಯಾಮಾ ಮತ್ತು ಅವರ ಸಂಗಡಿಗರು 1962ರಲ್ಲಿ ಸತುವಿನ ಆಕ್ಸೈಡಿನ ತೆಳುಪೊರೆಯನ್ನು ಚೆನ್ನಾಗಿ ಕಾಯಿಸಿ, ಅದರ ಮೇಲೆ ಹಾಯುವ ಅನಿಲ ಬದಲಾದಂತೆ ಪೊರೆಯಲ್ಲಿ ಹರಿಯುವ ವಿದ್ಯುತ್ತೂ ಬದಲಾಗುತ್ತದೆಂದು ಬರೆದರು. ಅದೇ ವರ್ಷ ನಾವೋಯೋಶಿ ತಾಗುಚಿ ಎಂಬವರು ತವರದ ಆಕ್ಸೈಡನ್ನು ಬಳಸುವ ಸಾಧನಕ್ಕೆ ಪೇಟೆಂಟನ್ನು ಕೋರಿದರು. ಜಪಾನಿನ ಮನೆಗಳಿಗೆ ಸಿಲಿಂಡರಿನ ಅನಿಲ ಹೊಸದಾಗಿ ಬರುತ್ತಿದ್ದ, ಅದರೊಡನೆ ಸ್ಫೋಟಗಳ ಸುದ್ದಿಯೂ ಬರುತ್ತಿದ್ದ ಕಾಲ ಅದು. 1968ರಲ್ಲಿ ತಾಗುಚಿಯವರ ಸಂವೇದಕ ಮಾರುಕಟ್ಟೆಗೆ ಬಂತು. ಇಂದು ಪ್ರಪಂಚದಲ್ಲಿ ಅಡುಗೆಮನೆಯ ಗೋಡೆಗೆ ಅಂಟಿಕೊಂಡಿರುವ ಎಚ್ಚರಿಕೆಯ ಡಬ್ಬಿಗಳಲ್ಲಿ ಬಹಳಷ್ಟು ಅದರ ಸಂತತಿಯೇ.

ಇದು ಕೆಲಸ ಮಾಡುವ ಬಗೆಯನ್ನು ಬಾನುಲಿಯಲ್ಲಿ ಚಿತ್ರ ಬರೆದು ತೋರಿಸಲಾರೆ. ಒಂದು ವಠಾರವನ್ನು ಕಲ್ಪಿಸಿಕೊಳ್ಳಿ. ಸಾಲು ಮನೆಗಳು, ಒಂದರಿಂದ ಇನ್ನೊಂದಕ್ಕೆ ಬಾಗಿಲು. ಆಕ್ಸೈಡಿನ ಪೊರೆ ಇಂಥ ಲಕ್ಷಾಂತರ ಸಣ್ಣ ಹರಳುಗಳ ವಠಾರ. ವಿದ್ಯುತ್ತೆಂದರೆ ಎಲೆಕ್ಟ್ರಾನುಗಳು ಮನೆಯಿಂದ ಮನೆಗೆ ದಾಟುತ್ತ ಹೋಗುವುದು. ತವರದ ಆಕ್ಸೈಡಿನಲ್ಲಿ ಅಲ್ಲಲ್ಲಿ ಆಮ್ಲಜನಕದ ಪರಮಾಣು ಇರಬೇಕಾದ ಜಾಗ ಖಾಲಿ ಬಿದ್ದಿರುತ್ತದೆ. ಆ ಕೊರತೆಯಿಂದಾಗಿಯೇ ಕೆಲವು ಎಲೆಕ್ಟ್ರಾನುಗಳು ಓಡಾಡಲು ಬಿಡುವಾಗಿರುತ್ತವೆ. ಈಗ ಪೊರೆಯನ್ನು ಮುನ್ನೂರು ನಾನ್ನೂರು ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ. ಗಾಳಿಯ ಆಮ್ಲಜನಕ ಬಂದು ಹರಳಿನ ಮೈಗೆ ಅಂಟಿಕೊಳ್ಳುತ್ತದೆ. ಸುಮ್ಮನೆ ಅಂಟುವುದಿಲ್ಲ, ಒಳಗಿನ ಎಲೆಕ್ಟ್ರಾನೊಂದನ್ನು ಸೆಳೆದು ತನ್ನಲ್ಲಿಟ್ಟುಕೊಳ್ಳುತ್ತದೆ. ಹೊಸ್ತಿಲ ಮೇಲೆ ಕುಳಿತ ಅತಿಥಿ ಮನೆಯವರನ್ನೇ ಹಿಡಿದು ಕೂರಿಸಿಕೊಂಡು ದಾರಿ ಕಟ್ಟಿದಂತೆ. ಮನೆಯಿಂದ ಮನೆಗೆ ದಾಟುವುದು ಕಷ್ಟವಾಗುತ್ತದೆ. ಪೊರೆಯ ವಿದ್ಯುತ್ ರೋಧ ಏರುತ್ತದೆ. ಶುದ್ಧವಾದ ಗಾಳಿಯಲ್ಲಿ ಸಂವೇದಕದ ಸಹಜ ಸ್ಥಿತಿ ಇದು.

ಇಂಥ ಹೊತ್ತಿಗೆ ಪ್ರೊಪೇನೋ ಬ್ಯೂಟೇನೋ ಬಂತೆನ್ನಿ. ಅವು ಉರಿಯುವ ಸ್ವಭಾವದವು, ಎಂದರೆ ಆಮ್ಲಜನಕಕ್ಕಾಗಿ ಹಸಿದವು. ಹೊಸ್ತಿಲ ಮೇಲೆ ಕುಳಿತ ಆಮ್ಲಜನಕದೊಡನೆ ಅವು ಕೂಡಿ, ನೀರಿನ ಆವಿಯೂ ಇಂಗಾಲದ ಡೈಆಕ್ಸೈಡೂ ಆಗಿ ಎದ್ದುಹೋಗುತ್ತವೆ. ಹೋಗುವಾಗ ಹಿಡಿದಿಟ್ಟಿದ್ದ ಎಲೆಕ್ಟ್ರಾನನ್ನು ಬಿಟ್ಟುಹೋಗುತ್ತವೆ. ದಾರಿ ತೆರೆಯುತ್ತದೆ, ರೋಧ ಥಟ್ಟನೆ ಇಳಿಯುತ್ತದೆ. ಆ ಇಳಿತವನ್ನು ಅಳೆದು ಗಂಟೆ ಬಾರಿಸುವುದು ಸುಲಭದ ಕೆಲಸ. ಅನಿಲ ತೊಲಗಿದರೆ ಆಮ್ಲಜನಕ ಮತ್ತೆ ಬಂದು ಕೂರುತ್ತದೆ. ಒಲೆಯ ಮೇಲೆ ಉರಿಯುವ ಬೆಂಕಿಯೇ ಇಲ್ಲಿ, ಜ್ವಾಲೆಯಿಲ್ಲದೆ, ಹರಳಿನ ಮೈಮೇಲೆ ಅತಿ ಸಣ್ಣದಾಗಿ ನಡೆಯುತ್ತಿದೆ ಎಂದರೂ ತಪ್ಪಾಗದು. ದೊಡ್ಡ ಬೆಂಕಿಯ ಮುನ್ಸೂಚನೆಯನ್ನು ಸಣ್ಣ ಬೆಂಕಿ ಕೊಡುತ್ತದೆ.

ತೆಳುಪೊರೆಯೇ ಏಕೆ? ಇಡೀ ವ್ಯಾಪಾರ ನಡೆಯುವುದು ಮೇಲ್ಮೈಯಲ್ಲಿ. ದಪ್ಪವಾದ ತುಂಡಿನ ಹೊಟ್ಟೆಯೊಳಗಿನ ಎಲೆಕ್ಟ್ರಾನುಗಳಿಗೆ ಹೊರಗೆ ಏನಾಯಿತೆಂಬುದು ಗೊತ್ತೇ ಆಗುವುದಿಲ್ಲ. ಅವು ತಮ್ಮ ಪಾಡಿಗೆ ಓಡಾಡಿಕೊಂಡಿರುತ್ತವೆ. ಪೊರೆ ತೆಳುವಾದಷ್ಟೂ, ಹರಳು ಸಣ್ಣದಾದಷ್ಟೂ, ಒಳಗು ಎಂಬುದೇ ಇಲ್ಲವಾಗುತ್ತ ಎಲ್ಲವೂ ಮೇಲ್ಮೈಯಾಗುತ್ತದೆ. ಕ್ಯೂಶೂವಿನವರೇ ಆದ ನೊಬೊರು ಯಮಜೋಯೆ ಮತ್ತು ಅವರ ಸಹೋದ್ಯೋಗಿಗಳು 1991ರಲ್ಲಿ ಇದಕ್ಕೊಂದು ಅಳತೆಯನ್ನು ಕೊಟ್ಟರು: ತವರದ ಆಕ್ಸೈಡಿನ ಹರಳು ಸುಮಾರು ಆರು ನ್ಯಾನೋಮೀಟರಿಗಿಂತ, ಎಂದರೆ ಮಿಲಿಮೀಟರಿನ ಹತ್ತು ಲಕ್ಷ ಭಾಗಗಳಲ್ಲಿ ಆರಕ್ಕಿಂತ, ಚಿಕ್ಕದಾದಾಗ ಅದರ ಸೂಕ್ಷ್ಮತೆ ತೀವ್ರವಾಗಿ ಏರುತ್ತದೆ. ಆಮ್ಲಜನಕ ಹರಳಿನೊಳಗೆ ಮೂರು ನ್ಯಾನೋಮೀಟರಿನಷ್ಟು ಆಳದವರೆಗೆ ಎಲೆಕ್ಟ್ರಾನುಗಳನ್ನು ಬರಿದುಮಾಡುತ್ತದೆ. ಎರಡು ಕಡೆಯಿಂದಲೂ ಮೂರು ಮೂರು ಬರಿದಾದರೆ ಆರರ ಹರಳಿನಲ್ಲಿ ಉಳಿಯುವುದೇನು?

ಪೊರೆಯನ್ನು ಮಾಡುವ ವಿಧಾನಗಳು ಹಲವು. ನಿರ್ವಾತದಲ್ಲಿ ಲೋಹದ ಪರಮಾಣುಗಳನ್ನು ಸಿಡಿಸಿ ಕೂರಿಸುವ ದುಬಾರಿ ಯಂತ್ರಗಳಿವೆ. ಬಡ ಪ್ರಯೋಗಶಾಲೆಗೂ ಎಟಕುವ ಒಂದು ವಿಧಾನ ನನಗೆ ಪ್ರಿಯವಾದದ್ದು. ತವರದ ಅಥವಾ ಸತುವಿನ ಲವಣವನ್ನು ನೀರಿನಲ್ಲೋ ಆಲ್ಕೋಹಾಲಿನಲ್ಲೋ ಕರಗಿಸಿ, ನಾನ್ನೂರು ಡಿಗ್ರಿಯ ಆಸುಪಾಸಿಗೆ ಕಾಯಿಸಿದ ಗಾಜಿನ ಫಲಕದ ಮೇಲೆ ಸಣ್ಣ ತುಂತುರಾಗಿ ಸಿಂಪಡಿಸುವುದು. ದೋಸೆಯ ಕಾವಲಿ ಕಾದಿದೆಯೇ ಎಂದು ನೋಡಲು ನೀರು ಚಿಮುಕಿಸುತ್ತೇವಲ್ಲ, ಹಾಗೆ. ನೀರು ಆವಿಯಾಗಿ ಹಾರುತ್ತದೆ, ಲವಣ ಒಡೆದು ಆಕ್ಸೈಡಾಗಿ ಗಾಜಿಗೆ ಕಚ್ಚಿಕೊಳ್ಳುತ್ತದೆ. ಕೂದಲೆಳೆಯ ನೂರನೆಯ ಒಂದು ಭಾಗದಷ್ಟು ದಪ್ಪದ ಪೊರೆ. ಬೆಳಕಿಗೆ ಹಿಡಿದರೆ ನೀರಿನ ಮೇಲೆ ತೇಲುವ ಎಣ್ಣೆಯಂತೆ ಬಣ್ಣಬಣ್ಣವಾಗಿ ಹೊಳೆಯುತ್ತದೆ. ನಮ್ಮ ದೇಶದ ಅನೇಕ ವಿಶ್ವವಿದ್ಯಾನಿಲಯಗಳು, ನಮ್ಮ ಗಡಿಯಾಚೆಯೇ ಇರುವ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾನಿಲಯವೂ ಸೇರಿದಂತೆ, ಇಂಥ ಸರಳವಾದ ರಾಸಾಯನಿಕ ವಿಧಾನಗಳಲ್ಲಿ ಹೆಸರು ಮಾಡಿವೆ. ಪೊರೆಗೆ ಚೂರು ಪೆಲೇಡಿಯಂ ಲೋಹವನ್ನು ಲೇಪಿಸಿದರೆ ಅದು ಅನಿಲದ ಅಣುವನ್ನು ಒಡೆದು ಆಮ್ಲಜನಕದ ಬಳಿಗೆ ಕಳುಹಿಸುವ ದಲ್ಲಾಳಿಯ ಕೆಲಸ ಮಾಡುತ್ತದೆ; ಸಂವೇದಕ ಬೇಗ, ಕಡಿಮೆ ಶಾಖದಲ್ಲಿಯೇ ಎಚ್ಚೆತ್ತುಕೊಳ್ಳುತ್ತದೆ.

ಇಲ್ಲೊಂದು ಸಂದೇಹ ಯಾರಿಗಾದರೂ ಬರಬೇಕು. ಹೊತ್ತಿಕೊಳ್ಳುವ ಅನಿಲವನ್ನು ಹುಡುಕಲು ಕೆಂಡದಷ್ಟು ಬಿಸಿಯಾದ ವಸ್ತುವನ್ನು ಗೋಡೆಗೆ ತಗುಲಿಸುವುದೇ? ಅದರಿಂದಲೇ ಬೆಂಕಿ ಹತ್ತಿದರೆ? ಇದಕ್ಕೆ ಉತ್ತರ ಇನ್ನೂರು ವರ್ಷದ ಹಿಂದಿನ ಡೇವಿಯದು. ಸಂವೇದಕದ ಬಾಯಿಗೆ ತುಕ್ಕು ಹಿಡಿಯದ ಉಕ್ಕಿನ ಸಣ್ಣ ಬಲೆಯನ್ನು, ಕೆಲವೊಮ್ಮೆ ಎರಡು ಪದರವಾಗಿ, ಹೊದಿಸಿರುತ್ತಾರೆ. ಅನಿಲ ಒಳಗೆ ಹೋಗಬಲ್ಲದು, ಉರಿ ಹೊರಗೆ ಬರಲಾರದು.

ಇಷ್ಟು ಕೇಳಿದ ಮೇಲೆ, ಅರವತ್ತು ವರ್ಷಗಳಿಂದ ಗೊತ್ತಿರುವ ಈ ಸಾಧನ ನಮ್ಮ ಅಡುಗೆಮನೆಗಳಲ್ಲಿ ಏಕೆ ಅಪರೂಪ ಎಂಬ ಪ್ರಶ್ನೆ ಬರುತ್ತದೆ. ಬೆಲೆಯೊಂದೇ ಕಾರಣವಲ್ಲವೆಂದು ನನ್ನ ಎಣಿಕೆ. ಈ ಮೂಗಿಗೆ ವಿವೇಚನೆ ಕಡಿಮೆ. ಹರಳಿನ ಮೈಮೇಲಿನ ಆಮ್ಲಜನಕವನ್ನು ಕಿತ್ತುಕೊಳ್ಳಬಲ್ಲ ಯಾವುದು ಬಂದರೂ ಅದಕ್ಕೆ ಒಂದೇ: ಕೈತೊಳೆಯುವ ಸ್ಪಿರಿಟ್ಟಿನ ಆವಿ, ಇಡ್ಲಿ ಹಿಟ್ಟು ಹುದುಗಿದಾಗ ಏಳುವ ಅಲ್ಪ ಆಲ್ಕೋಹಾಲು, ಎಣ್ಣೆ ಕಾದು ಏಳುವ ಹೊಗೆ. ಕುಕ್ಕರಿನ ಹಬೆ ಬಂದರೆ ನೀರಿನ ಅಣುಗಳೇ ಹರಳಿನ ಮೈಯನ್ನು ಆವರಿಸಿ ಅಳತೆಯನ್ನು ಕೆಡಿಸುತ್ತವೆ. ಕೂದಲಿಗೆ ಹಚ್ಚುವ, ಪೀಠೋಪಕರಣಕ್ಕೆ ಹೊಳಪು ಕೊಡುವ ಕೆಲವು ದ್ರವಗಳಲ್ಲಿರುವ ಸಿಲಿಕೋನ್ ಆವಿ ಪೊರೆಯ ಮೇಲೆ ಮರಳಿನಂಥ ಪದರವಾಗಿ ಕುಳಿತು ಅದನ್ನು ಮಂದವಾಗಿಸುತ್ತದೆ. ಆಗ ಅದು ಬದುಕಿದ್ದಂತೆ ಕಾಣುತ್ತದೆ, ಏನನ್ನೂ ಹೇಳುವುದಿಲ್ಲ. ಸಾಸಿವೆ, ಇಂಗು, ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದಾಗಲೆಲ್ಲ ಕಿರುಚುವ ಡಬ್ಬಿಯನ್ನು ಯಾವ ಮನೆಯವರು ಸಹಿಸಿಯಾರು? ಮೂರನೆಯ ದಿನ ಅದರ ಪ್ಲಗ್ಗನ್ನು ಕಿತ್ತು ಮಿಕ್ಸಿಗೆ ಜಾಗ ಮಾಡುತ್ತಾರೆ. ಅದಕ್ಕೆ ಅವರನ್ನು ದೂರಲಾರೆ.

ಸಂಶೋಧಕರ ಮೇಲೆ ಮಾತ್ರ ನನ್ನದೊಂದು ದೂರಿದೆ. ಅಡುಗೆಯ ಅನಿಲವನ್ನು ಗ್ರಹಿಸುವ ತೆಳುಪೊರೆಗಳ ಬಗ್ಗೆ ಲೆಕ್ಕವಿಲ್ಲದಷ್ಟು ಪ್ರಬಂಧಗಳು ಬಂದಿವೆ, ಅವುಗಳಲ್ಲಿ ನಮ್ಮ ದೇಶದ ಪಾಲು ಸಣ್ಣದಲ್ಲ. ಗಾಜಿನ ಗಂಟೆಯೊಳಗೆ, ಒಣ ಗಾಳಿಯಲ್ಲಿ, ಅಳೆದು ಬಿಟ್ಟ ಅನಿಲಕ್ಕೆ ಪೊರೆ ಇಷ್ಟು ಸೆಕೆಂಡಿನಲ್ಲಿ ಸ್ಪಂದಿಸಿತು ಎಂದು ನಕ್ಷೆಯನ್ನು ಬರೆಯುತ್ತಾರೆ, ಪದವಿ ದೊರೆಯುತ್ತದೆ. ಆದರೆ ಮಳೆಗಾಲದ ಮಲೆನಾಡಿನ ಅಡುಗೆಮನೆಯಲ್ಲಿ, ಹಬೆ ಮತ್ತು ಒಗ್ಗರಣೆಗಳ ನಡುವೆ, ಅದೇ ಪೊರೆ ಎರಡು ವರ್ಷ ಕಳೆದ ಮೇಲೆ ಏನು ಮಾಡುತ್ತದೆಂದು ಬರೆದ ಪ್ರಬಂಧಗಳು ತೀರ ವಿರಳ. ಸಂವೇದಕದ ಮುಂದೆ ಇದ್ದಿಲಿನ ಶೋಧಕವನ್ನಿಟ್ಟು ಆಲ್ಕೋಹಾಲನ್ನು ತಡೆಯುವುದು, ಬೇರೆ ಬೇರೆ ಆಕ್ಸೈಡುಗಳ ನಾಲ್ಕಾರು ಪೊರೆಗಳನ್ನು ಒಟ್ಟಿಗಿಟ್ಟು ಅವುಗಳ ಸಾಕ್ಷ್ಯವನ್ನು ಹೋಲಿಸುವುದು, ಇವು ದಾರಿಗಳು. ಒಬ್ಬ ಸಾಕ್ಷಿ ಸುಳ್ಳು ಹೇಳಬಹುದು, ನಾಲ್ವರು ಒಂದೇ ಸುಳ್ಳನ್ನು ಹೇಳುವುದು ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನವಕಾಂತ ಭಟ್ ಅವರ ಬಳಗ ಲೋಹದ ಆಕ್ಸೈಡುಗಳ ಇಂಥ ಸಣ್ಣ ಸಂವೇದಕಗಳ ಮೇಲೆ ಕೆಲಸ ಮಾಡಿದೆ.

ವಿದ್ಯುತ್ತಿನದು ಇನ್ನೊಂದು ತೊಡಕು. ಪೊರೆಯನ್ನು ಹಗಲಿರುಳು ಕಾಯಿಸಲು ಕಾಲು ವಾಟಿನಿಂದ ಒಂದು ವಾಟಿನವರೆಗೆ ಬೇಕು. ಕೇಳಲು ಅಲ್ಪ; ಆದರೆ ಸಣ್ಣ ಬ್ಯಾಟರಿಗೆ ಅದು ಕೆಲವೇ ದಿನಗಳ ಮಾತು. ಕರೆಂಟು ಹೋದಾಗ ಈ ಮೂಗೂ ನಿದ್ದೆಹೋಗುತ್ತದೆ, ಮರಳಿ ಬಂದಾಗ ಎಚ್ಚರಗೊಳ್ಳಲು ಕೆಲವು ನಿಮಿಷ ಬೇಕು. ಸಿಲಿಕಾನ್ ತುಣುಕಿನ ಮೇಲೆ ಕೂದಲೆಳೆಯಷ್ಟಗಲದ ಒಲೆಯನ್ನು ಕೊರೆದು, ಅದರ ಮೇಲೆ ಪೊರೆಯನ್ನು ಕೂರಿಸಿ, ಬಿಟ್ಟುಬಿಟ್ಟು ಕಾಯಿಸುವ ಉಪಾಯದಿಂದ ಈ ವೆಚ್ಚವನ್ನು ಬಹಳ ಇಳಿಸಿದ್ದಾರೆ. ಕಾಯಿಸದೆಯೇ ಕೆಲಸ ಮಾಡುವ ಪೊರೆಗಳ ಹುಡುಕಾಟವೂ ನಡೆದಿದೆ.

ಇದರ ಅಗತ್ಯ ಯಾರಿಗೆ ಹೆಚ್ಚು ಎಂಬುದನ್ನು ಯೋಚಿಸಬೇಕು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಲ್ಲಿ ಹತ್ತು ಕೋಟಿಗೂ ಹೆಚ್ಚು ಮನೆಗಳಿಗೆ ಅನಿಲದ ಸಂಪರ್ಕ ಬಂದಿದೆ. ಸೌದೆಯ ಹೊಗೆಯಿಂದ ಹೆಂಗಸರ ಕಣ್ಣಿಗೂ ಎದೆಗೂ ಬಿಡುಗಡೆ ಸಿಕ್ಕಿದ್ದು ದೊಡ್ಡ ಮಾತು. ಆದರೆ ಆ ಮನೆಗಳಲ್ಲಿ ಬಹಳಷ್ಟು ಒಂದೇ ಕೋಣೆಯವು. ಒಲೆ ನೆಲದ ಮೇಲೆ, ಸಿಲಿಂಡರು ಪಕ್ಕದಲ್ಲಿ, ರಾತ್ರಿ ಅದೇ ನೆಲದ ಮೇಲೆ ಚಾಪೆ ಹಾಸಿ ಮಕ್ಕಳು ಮಲಗುತ್ತವೆ. ಭಾರವಾದ ಅನಿಲ ಹರಿಯುವುದೂ ಅಲ್ಲಿಯೇ. ಸದ್ಯಕ್ಕೆ ಎಚ್ಚರಿಕೆಯ ಡಬ್ಬಿ ಇರುವುದು, ಕಿಟಕಿ ದೊಡ್ಡದಾಗಿರುವ, ಸಿಲಿಂಡರನ್ನು ಹೊರಗಿಡಲು ಅನುಕೂಲವಿರುವ ಮನೆಗಳಲ್ಲಿ.

ಡಬ್ಬಿಯನ್ನು ಕೊಳ್ಳುವವರು ಒಂದನ್ನು ಗಮನಿಸಬೇಕು. ಸಿಲಿಂಡರಿನ ಅನಿಲಕ್ಕಾದರೆ ಅದನ್ನು ನೆಲದಿಂದ ಒಂದಡಿ ಎತ್ತರದೊಳಗೆ ಹಾಕಬೇಕು. ಬೆಂಗಳೂರಿನಂಥ ಊರುಗಳ ಕೆಲವು ಬಡಾವಣೆಗಳಿಗೆ ಕೊಳವೆಯಲ್ಲಿ ಬರುವುದು ಮೀಥೇನ್; ಅದು ಗಾಳಿಗಿಂತ ಹಗುರ, ಮೇಲೇರುತ್ತದೆ; ಅಲ್ಲಿ ಡಬ್ಬಿ ಸೂರಿನ ಹತ್ತಿರ ಇರಬೇಕು. ಅಂಗಡಿಯವನು ಇದನ್ನು ಹೇಳದಿರಬಹುದು. ಡಬ್ಬಿ ಇರಲಿ ಬಿಡಲಿ, ಕಿತ್ತಳೆ ಬಣ್ಣದ ರಬ್ಬರ್ ನಳಿಕೆಯನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು. ರಾತ್ರಿ ರೆಗ್ಯುಲೇಟರನ್ನು ಮುಚ್ಚಿ ಮಲಗಬೇಕು. ಸೋರಿಕೆಯನ್ನು ಹುಡುಕಲು ಸಾಬೂನಿನ ನೀರನ್ನು ಹಚ್ಚಿ ಗುಳ್ಳೆ ಏಳುವುದನ್ನು ನೋಡಬೇಕೇ ಹೊರತು ಕಡ್ಡಿ ಗೀರಬಾರದು.

ಡಬ್ಬಿ ಕೂಗಿದಾಗಲಾಗಲಿ, ಮೂಗೇ ಎಚ್ಚರಿಸಿದಾಗಲಾಗಲಿ, ಕತ್ತಲಲ್ಲಿ ಕೈ ತಾನಾಗಿ ಹೋಗುವುದು ದೀಪದ ಗುಂಡಿಗೆ. ಅದನ್ನು ಒತ್ತಬಾರದು. ಉರಿಯುತ್ತಿದ್ದರೆ ಆರಿಸಲೂ ಬಾರದು, ಎರಡರಲ್ಲೂ ಕಿಡಿಯಿದೆ. ಫ್ಯಾನು ಹಾಕಬಾರದು. ಬಾಗಿಲು ಕಿಟಕಿಗಳನ್ನು ತೆರೆದು, ರೆಗ್ಯುಲೇಟರನ್ನು ಮುಚ್ಚಿ, ಮಲಗಿದವರನ್ನು ಎಬ್ಬಿಸಿ ಹೊರಗೆ ಬಂದು, ಅಂಗಳದಲ್ಲೋ ಬೀದಿಯಲ್ಲೋ ನಿಂತು 1906ಕ್ಕೆ ಫೋನು ಮಾಡಬೇಕು. ಅನಿಲ ಸೋರಿಕೆಗೆಂದೇ 2016ರ ಜನವರಿ 1ರಿಂದ ಇರುವ ಸಂಖ್ಯೆ ಅದು, ಹಗಲಿರುಳೂ ಉತ್ತರಿಸುತ್ತಾರೆ.